ಮಣ್ಣಿನ ಬಟ್ಟಲು ಮತ್ತು ನಾಯಕಪಟ್ಟ

ಅಂಗಸಾಧನೆಯು ದೇಹಕ್ಕೆ ಬಲವನ್ನೂ ಮನಸ್ಸಿಗೆ ಪ್ರಸನ್ನತೆಯನ್ನೂ ಕೊಡುವುದೆಂಬುದು ನಮ್ಮ ಹಿರಿಯರು ಅರಿತಿದ್ದ ಮಾತು. ನಿಯತವಾದ ದೈಹಿಕ ಚಟುವಟಿಕೆಯು ಖಿನ್ನತೆ ಹಾಗೂ ಆತಂಕಗಳನ್ನು ತಗ್ಗಿಸಲು ನೆರವಾಗುವುದೆಂದು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಆಟವೆಂಬುದು ಬರಿಯ ಮೈದಂಡನೆಯಲ್ಲ. ಅದು ಹತ್ತು ಜನರೊಡನೆ ಕೂಡಿ ನಡೆಯತಕ್ಕ ಕ್ರಿಯೆ. ಕೂಡಿ ಆಡಿದವರು ಕೂಡಿ ಕುಳಿತುಕೊಳ್ಳಲಾಗದೆ ಹೋದರೆ, ಆ ಆಟವು ಕೊಟ್ಟ ನೆಮ್ಮದಿಯಲ್ಲಿ ಎಷ್ಟು ಪಾಲು ಉಳಿದೀತು? ಧಾರವಾಡದಲ್ಲಿ ಹುಟ್ಟಿ, ಪುಣೆ ಮುಂಬಯಿಗಳಲ್ಲಿ ಬಾಳಿದ ಪಾಲವಣಕರ ಬಾಳೂ ಅವರ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಅರಸಬಹುದಾಗಿದೆ.

ಬಾಳೂ ಅವರು 1876ರ ಮಾರ್ಚ್ 19ರಂದು ಚರ್ಮಕಾರ ಸಮುದಾಯದ ಒಂದು ಮರಾಠಿ ಕುಟುಂಬದಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ಸೇವೆಯಲ್ಲಿದ್ದವರು. ಅಂದು ಧಾರವಾಡವೂ ಪುಣೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಂದಿನ ಗಡಿ ಆಗ ಇರಲಿಲ್ಲ. ಬೇರೊಂದು ಗಡಿ ಮಾತ್ರ ಊರೂರಿನಲ್ಲಿಯೂ ಇದ್ದಿತು. ಬಾಲ್ಯದಲ್ಲಿಯೇ ಅವರು ಪುಣೆಯ ಪಾರ್ಸಿಗಳ ಮೈದಾನದಲ್ಲಿ ತಿಂಗಳಿಗೆ 3 ರೂಪಾಯಿಗೆ ಕಸ ಗುಡಿಸಿ, ನೆಲ ಸಮಮಾಡುವ ಕೆಲಸಕ್ಕೆ ನಿಂತರು. ಅನಂತರ ಯೂರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಯ ಸಂಬಳ ದೊರೆಯಿತು. ಅಲ್ಲಿ ಗ್ರೆಗ್ ಎಂಬ ಪ್ರಸಿದ್ಧ ದಾಂಡಿಗನ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆಯುತ್ತ ಎಸೆಯುತ್ತ, ಎಡಗೈಯ ನಿಧಾನ ಎಸೆತದಲ್ಲಿ ಅವರು ಅಸಾಧಾರಣ ಪ್ರಾವೀಣ್ಯವನ್ನು ಗಳಿಸಿದರು. ಚೆಂಡೆಸೆಯುವುದು ಆಳಿನ ದುಡಿಮೆ, ದಾಂಡು ಹಿಡಿಯುವುದು ದೊರೆಯ ವಿಲಾಸವೆಂಬ ಭಾವನೆ ಆ ಕಾಲದ್ದು.

ಯೂರೋಪಿಯನ್ನರನ್ನು ಸೋಲಿಸುವ ಹಂಬಲ ಪುಣೆಯ ಹಿಂದೂ ಆಟಗಾರರಿಗೂ ಇದ್ದಿತು. ಬಾಳೂ ಅವರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಅವರೊಳಗೆ ಭಿನ್ನಾಭಿಪ್ರಾಯ ಹುಟ್ಟಿತಾದರೂ, ಗೆಲುವಿನ ಆಸೆ ಮಡಿಯನ್ನು ಅರ್ಧದಷ್ಟು ಸಡಿಲಿಸಿತು. ಅರ್ಧದಷ್ಟು ಮಾತ್ರ! ಮೈದಾನದಲ್ಲಿ ಅವರು ಮುಟ್ಟಿದ ಚರ್ಮದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ವಿರಾಮ ಬಂದೊಡನೆ ಉಳಿದವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹ ಕುಡಿದರೆ, ಅವರಿಗೆ ಹೊರಗೆ, ಬಿಸುಡತಕ್ಕ ಮಣ್ಣಿನ ಬಟ್ಟಲಿನಲ್ಲಿ ಕೊಡಲಾಗುತ್ತಿತ್ತು. ಊಟಕ್ಕೂ ಬೇರೆ ತಟ್ಟೆ, ಬೇರೆ ಎಡೆ.

ಇಂತಹ ನಡತೆ ಮನಸ್ಸಿನ ಮೇಲೆ ಏನು ಮಾಡುವುದೆಂಬುದನ್ನು ವಿಜ್ಞಾನಿಗಳು ಬಹುಕಾಲದ ಮೇಲೆ ಪರೀಕ್ಷಿಸಿದರು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು, ಆಶ್ಚರ್ಯವೆಂಬಂತೆ, ಒಂದು ಚೆಂಡಾಟವೇ. ಗಣಕಯಂತ್ರದ ಪರದೆಯ ಮೇಲೆ ಮೂವರು ಚೆಂಡೆಸೆದಾಡುವ ಆಟ. ಸ್ವಲ್ಪ ಹೊತ್ತಿನ ಬಳಿಕ ಒಬ್ಬರಿಗೆ ಚೆಂಡು ಬರುವುದೇ ಇಲ್ಲ. ಹಾಗೆ ಹೊರಗಿಡಲ್ಪಟ್ಟವರ ಮಿದುಳಿನಲ್ಲಿ, ದೇಹದ ನೋವಿಗೆ ಸಂಬಂಧಪಟ್ಟ ಭಾಗವೊಂದು ಹೆಚ್ಚು ಚುರುಕಾದುದನ್ನು ಅವರು ಕಂಡರು. ಕೆಲವು ನಿಮಿಷಗಳ ತೋರಿಕೆಯ ಆಟದಲ್ಲಿಯೇ ಹೀಗಾದರೆ, ಜೀವಮಾನವಿಡೀ ನಡೆಯುವ ಬಹಿಷ್ಕಾರದ ಭಾರವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬಾಳೂ ಅವರು ಮುಂಬಯಿಗೆ ತೆರಳಿ ಹಿಂದೂ ಜಿಮಖಾನಾದ ಪರವಾಗಿ ಆಡತೊಡಗಿದ ಮೇಲೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು. ಅಲ್ಲಿ ಸಹಭೋಜನದ ಪಂಕ್ತಿ ಅವರಿಗೂ ಅವರ ತಮ್ಮ ಶಿವರಾಮನಿಗೂ ತೆರೆಯಿತು. 1906ರಲ್ಲಿ ಹಿಂದೂ ತಂಡವು ಯೂರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ, ಸುಧಾರಣಾವಾದಿ ಪತ್ರಿಕೆಗಳು ಅದನ್ನು ಜಾತಿಬಂಧನದ ಮೇಲಿನ ವಿಜಯವೆಂದೂ ಕೊಂಡಾಡಿದವು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡವು ಸೋತದ್ದೇ ಹೆಚ್ಚು. ಆದರೆ ಬಾಳೂ ಒಬ್ಬರೇ 114 ವಿಕೆಟ್ಟುಗಳನ್ನು ಪಡೆದರು.

ಪಂಕ್ತಿ ತೆರೆಯಿತು, ಪಟ್ಟ ತೆರೆಯಲಿಲ್ಲ. ತಂಡದ ಹಿರಿಯ ಆಟಗಾರನಾದರೂ ನಾಯಕಸ್ಥಾನ ಅವರಿಗೆ ದೊರೆಯಲೇ ಇಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ, ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲರು ಬಹಿರಂಗವಾಗಿ ಪ್ರತಿಭಟಿಸಿ ಆಟದಿಂದ ಹಿಂದೆ ಸರಿದರು. ಜನಾಭಿಪ್ರಾಯವು ಅವರ ಕಡೆ ವಾಲಲು, ಸೋದರರು ಮರಳಿದರು, ಬಾಳೂ ಉಪನಾಯಕರಾದರು. 1923ರಲ್ಲಿ ವಿಠ್ಠಲರೇ ನಾಯಕರಾಗಿ ಹಿಂದೂ ತಂಡಕ್ಕೆ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದುಕೊಟ್ಟಾಗ, ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನಿಗೆ ಸಲ್ಲದ ಗೌರವ ತಮ್ಮನಿಗೆ ಸಂದಿತು.

ಇದರಲ್ಲಿ ಒಂದು ತಿಳಿವಳಿಕೆಯಿದೆ. ಆ ಸೋದರರನ್ನು ಮೇಲೆತ್ತಿದುದು ಅಂಗಬಲವೊಂದೇ ಅಲ್ಲ. ಒಬ್ಬನ ಅಪಮಾನವನ್ನು ಮೂವರೂ ತಮ್ಮದೆಂದು ಭಾವಿಸಿದ ಒಗ್ಗಟ್ಟು, ಅನ್ಯಾಯವನ್ನು ಅನ್ಯಾಯವೆಂದು ಹೇಳುವ ಧೈರ್ಯ ಇವೂ ಬೇಕಾದುವು. ಹೊರಗಿಡಲ್ಪಟ್ಟವನಿಗೆ ‘ವ್ಯಾಯಾಮ ಮಾಡು, ಮನಸ್ಸು ಹಗುರವಾಗುವುದು’ ಎಂದು ಉಪದೇಶಿಸಿ ಹೊರಗಿಟ್ಟವರು ಸುಮ್ಮನಾಗುವುದು ಸಲ್ಲದು.

ಬಾಳೂ ಅವರು 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಡಾ. ಅಂಬೇಡ್ಕರರೆದುರು ನಿಂತು ಸೋತರು. ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರ ಜೂನ್ 1ರಂದು ಜಾರಿಗೆ ಬಂದಿತು. ಅದೇ ವರ್ಷದ ಜುಲೈ 4ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು. ಬೇರೆ ಬಟ್ಟಲಿಡುವುದು ಅಪರಾಧವೆಂದು ದೇಶದ ಕಾನೂನು ಸಾರಿದುದನ್ನು ಕಾಣಲು ಅವರಿಗೆ ಒಂದು ತಿಂಗಳಷ್ಟೇ ಉಳಿದಿತ್ತು.

ಗಡಿನಾಡಿನ ಕನ್ನಡಿಗರಾದ ನಮಗೆ ಅಂಚಿನಲ್ಲಿ ನಿಲ್ಲುವುದೆಂದರೇನೆಂಬುದರ ಅನುಭವ ತಕ್ಕಮಟ್ಟಿಗೆ ಉಂಟು. ಶಾಲೆಯಲ್ಲಿ, ಕಚೇರಿಯಲ್ಲಿ ನಮ್ಮ ನುಡಿಗೆ ಎಡೆ ಬೇಕೆಂದು ಕೇಳುವ ನಾವು, ನಮ್ಮ ಓಣಿಯ ಆಟದ ಬಯಲಿನಲ್ಲಿ, ನಮ್ಮ ಸಂಘದ ಪಂಕ್ತಿಯಲ್ಲಿ, ನಮ್ಮ ಕಾರ್ಯಕಾರಿ ಮಂಡಲಿಯಲ್ಲಿ ಎಲ್ಲ ಕೇರಿಗಳ ಮಕ್ಕಳಿಗೂ ಎಡೆಯಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಎಣಿಸಿದ ಶರಣರ ನಾಡಿನವರಿಗೆ ಇದು ಹೊಸ ಪಾಠವೇನಲ್ಲ. ಆಚರಣೆಯಲ್ಲಿ ತರಬೇಕಾದ ಹಳೆಯ ಪಾಠ.