ತಿರುಗಣೆಗೆ ಮುನ್ನ ಕೊರಡಿನ ಸಂಸ್ಕಾರ

ಸಂಜ್ಞಾದೇವಿಯು ತನ್ನ ಪತಿಯಾದ ಸೂರ್ಯನ ತೇಜಸ್ಸನ್ನು ಸಹಿಸಲಾರದೆ ಹೋದಾಗ, ಆಕೆಯ ತಂದೆಯಾದ ವಿಶ್ವಕರ್ಮನು ಅಳಿಯನನ್ನು ಭ್ರಮಿಯ ಮೇಲೇರಿಸಿ ಆ ತೇಜಸ್ಸಿನಲ್ಲಿ ಎಂಟನೆಯ ಒಂದು ಪಾಲನ್ನು ಕಡೆದು ತೆಗೆದನೆಂದೂ, ಉದುರಿದ ಚೂರುಗಳಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವೆಂದೂ ವಿಷ್ಣುಪುರಾಣವು ಹೇಳುತ್ತದೆ. ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ಅರಸನನ್ನು ವರ್ಣಿಸುವಾಗ ಕಾಳಿದಾಸನು ಈ ಕಥೆಯನ್ನೇ ಉಪಮಾನವಾಗಿ ತಂದಿದ್ದಾನೆ. ಪಾಲಿಯ ಸತಿಪಟ್ಠಾನಸುತ್ತವು ಉಸಿರಿನ ದೀರ್ಘಹ್ರಸ್ವಗಳನ್ನು ಅರಿತಿರುವ ಭಿಕ್ಷುವನ್ನು ಕುಶಲನಾದ ಕಡೆಯುವವನಿಗೆ ಹೋಲಿಸಿದೆ. ಭ್ರಮಿಯೆಂದರೆ ಕನ್ನಡದ ತಿರುಗಣೆ. ಇಷ್ಟು ಪ್ರಾಚೀನವಾದ ಈ ಉಪಕರಣದ ಕೀರ್ತಿಯೆಲ್ಲ ಅದು ತಿರುಗುವ ಹೊತ್ತಿಗೆ ಸಂದಿದೆ. ತಿರುಗಣೆ ಏರುವ ಮೊದಲು ವಸ್ತುವಿಗೆ ಆಗಬೇಕಾದ ಸಂಸ್ಕಾರವನ್ನು ನೆನೆಯುವವರು ವಿರಳ.

ಕನ್ನಡನಾಡಿನ ಶಿಲ್ಪಿಗಳು ಕಲ್ಲಿಗೂ ಈ ರೂಪವನ್ನು ಕೊಟ್ಟರು. 1112ರಲ್ಲಿ ನಿರ್ಮಿತವಾದ ಇಟಗಿಯ ಮಹಾದೇವ ದೇವಾಲಯದಲ್ಲಿಯೂ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿಯೂ ಕಾಣುವ ನುಣುಪಾದ ಗುಂಡುಕಂಬಗಳಿಗೆ ತಿರುಗಣೆಯ ಕಂಬಗಳೆಂದೇ ಹೆಸರು. ಇಂಥ ಕಂಬದ ಮೇಲ್ಭಾಗವು ಬಳೆಬಳೆಯಾಗಿಯೂ ಗಂಟೆಯಾಕಾರವಾಗಿಯೂ ಹೊಳೆಯುತ್ತಿದ್ದರೂ ಬುಡವು ಸಾಮಾನ್ಯವಾಗಿ ಚೌಕವಾಗಿಯೇ ಉಳಿದಿರುತ್ತದೆ. ದುಂಡಾಗುವ ಮುನ್ನ ಕಲ್ಲಿಗಿದ್ದ ಪೂರ್ವರೂಪಕ್ಕೆ ಆ ಬುಡವೇ ಸಾಕ್ಷಿ.

ಮರಕ್ಕೆ ಬೇಕಾದ ಸಿದ್ಧತೆಯಾದರೋ ಇನ್ನೂ ದೀರ್ಘವಾದುದು. ಏಕೆಂದರೆ ಮರವು ಕಡಿದ ಮೇಲೂ ಕುಗ್ಗುತ್ತದೆ. ಇದಕ್ಕೆ ಚನ್ನಪಟ್ಟಣದ ಬೊಂಬೆಗಾರರ ಕಸುಬು ಉತ್ತಮ ನಿದರ್ಶನ. ಟಿಪ್ಪುಸುಲ್ತಾನನ ಆಶ್ರಯದಲ್ಲಿ ಪರ್ಷಿಯಾದ ಕುಶಲಿಗಳಿಂದ ಈ ಕೆಲಸ ಅಲ್ಲಿ ನೆಲೆಗೊಂಡಿತೆಂಬುದು ಜನಪ್ರತೀತಿ. ಅವರು ಬಹುಕಾಲದಿಂದ ನೆಚ್ಚಿದ ಮರ ಹಾಲೆ, ಆಲೆಮರವೆಂದೂ ಕರೆಯುವುದುಂಟು. ಗಾಯವಾದರೆ ಹಾಲು ಸುರಿಸುವ ಈ ಮರದ ಮೈ ಬಿಳುಪು, ಎಳೆ ನಯ. ಉಳಿಗೆ ಸುಲಭವಾಗಿ ಒದಗುತ್ತದೆ, ಅರಗಿನ ಬಣ್ಣವನ್ನು ಶುಭ್ರವಾಗಿ ತೋರಿಸುತ್ತದೆ.

ಮೊದಲು ತೊಗಟೆಯನ್ನು ಸುಲಿದು, ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟಿ, ಎರಡು ಮೂರು ತಿಂಗಳು ಒಣಗಲು ಬಿಡುವರು. ಮರವು ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದಕ್ಕಿಂತ ಹೆಚ್ಚು. ವರ್ಷದ ಬಳೆಗಳ ಸುತ್ತಳತೆಯಲ್ಲಿ ಕುಗ್ಗುವುದು ಎಲ್ಲಕ್ಕಿಂತ ಹೆಚ್ಚು. ಈ ವೈಷಮ್ಯದಿಂದಲೇ ಹಸಿಯಲ್ಲಿ ಗುಂಡಗೆ ಕಡೆದದ್ದು ಒಣಗಿದ ಬಳಿಕ ಅಂಡಾಕಾರವಾಗುತ್ತದೆ. ತಿರುಳು ಒಳಗೇ ಉಳಿದ ದಿಮ್ಮಿ ಸೀಳುತ್ತದೆ. ಆದುದರಿಂದ ದಪ್ಪ ದಿಮ್ಮಿಯನ್ನು ತಿರುಳು ಬಿಟ್ಟು ಸೀಳಿಕೊಳ್ಳುವುದು ಲೇಸು. ಸಣ್ಣ ಕೊಂಬೆಗೆ ಆ ಅನುಕೂಲವಿಲ್ಲ. ನಿಧಾನವಾಗಿ ಒಣಗಿಸುವುದೊಂದೇ ಅದಕ್ಕೆ ದಾರಿ. ಕೊಯ್ದ ತುದಿಗಳಿಂದ ನೀರು ಬೇಗನೆ ಆರುವುದರಿಂದ ಬಿರುಕು ಮೊದಲು ಅಲ್ಲಿಯೇ ಹುಟ್ಟುತ್ತದೆ. ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿಯುವುದು ಇದನ್ನು ತಡೆಯುವುದಕ್ಕಾಗಿ.

ಒಣಗಿದ ಕೊರಡನ್ನು ಗರಗಸದಿಂದ ತುಂಡರಿಸುವಾಗ, ಎರಡು ತುದಿಗಳಲ್ಲಿ ವ್ಯರ್ಥವಾಗುವಷ್ಟನ್ನು ಸೇರಿಸಿಯೇ ಅಳತೆ ಹಿಡಿಯಬೇಕು. ಗಂಟನ್ನೂ ಬಿರುಕನ್ನೂ ಆಗಲೇ ತೆಗೆದುಹಾಕಬೇಕು. ತುಂಡು ಚೌಕವಾಗಿದ್ದರೆ, ತುದಿಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವ ಸ್ಥಳವೇ ನಡು. ಅಲ್ಲಿ ತಿರುಗಣೆಯ ಮೊನೆ ಕೂರಲು ಗುಳಿ ಮಾಡುವರು. ಬಳಿಕ ನಾಲ್ಕು ಅಂಚುಗಳನ್ನು ಬಾಚಿಯಿಂದ ಕೆತ್ತಿ ಎಂಟು ಮುಖ ಮಾಡಿದರೆ ಕೊರಡು ದುಂಡಿಗೆ ಸಮೀಪವಾಗುತ್ತದೆ.

ಹಳೆಯ ಪದ್ಧತಿಯಲ್ಲಿ ಈ ಕೆತ್ತನೆಗೆ ಇದ್ದ ಮಹತ್ವ ದೊಡ್ಡದು. ಕುಶಲಿಯು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಕಮಾನನ್ನು ಎಳೆಯುತ್ತ, ಇನ್ನೊಂದು ಕೈಯಿಂದಲೂ ಕಾಲ್ಬೆರಳುಗಳಿಂದಲೂ ಉಳಿಯನ್ನು ಹಿಡಿಯುತ್ತಿದ್ದನು. ಕಮಾನು ಹೋಗಿ ಬರುವಾಗ ಕೊರಡು ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ತಿರುಗುತ್ತಿತ್ತು. ಉಳಿ ಕೊರೆಯುವುದು ಒಂದೇ ದಿಕ್ಕಿನಲ್ಲಿ. ಬಾಚಿ ಬಿಟ್ಟುಹೋದ ಪ್ರತಿಯೊಂದು ಅಂಚಿಗೂ ತೋಳು ದಣಿಯಬೇಕಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತಿನ ಯಂತ್ರಗಳು ಬಂದ ಮೇಲೆ ಕೊರಡು ಒಂದೇ ದಿಕ್ಕಿನಲ್ಲಿ ಎಡೆಬಿಡದೆ ತಿರುಗಿತು; ತೋಳಿನ ಶ್ರಮ ತಪ್ಪಿತು. ಆದರೆ ವೇಗ ಹೆಚ್ಚಿದಷ್ಟೂ ತೂಕ ತಪ್ಪಿದ ಕೊರಡು ನಡುಗುತ್ತದೆ, ಮೊನೆಯಿಂದ ಸಿಡಿದು ಆಳಿಗೆ ಬಡಿಯುವುದೂ ಉಂಟು. ಪೂರ್ವದಲ್ಲಿ ಅಜಾಗ್ರತೆಗೆ ದಣಿವು ದಂಡವಾಗಿದ್ದರೆ, ಈಗ ಗಾಯವೇ ದಂಡ.

ಒಣಗಿಸುವ ಕಾಲವನ್ನಂತೂ ಯಂತ್ರವು ತಗ್ಗಿಸಲಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು. ಆ ಹೊಳಪಿನ ಅಡಿಯಲ್ಲಿ ಮರವು ಹಸಿಯೋ ಒಣಗಿದೆಯೋ ಕೊಳ್ಳುವವನ ಕಣ್ಣಿಗೆ ಬೀಳದು. ಹಸಿಯಾಗಿದ್ದರೆ ಕೆಲವು ತಿಂಗಳಲ್ಲಿ ಬೊಂಬೆಯ ಗೂಟ ಸಡಿಲುತ್ತದೆ, ಗಾಲಿ ಸೊಟ್ಟಗಾಗುತ್ತದೆ. ಬೇಡಿಕೆಯ ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಈ ಕಾಯುವ ತಿಂಗಳುಗಳಿಗೇ. ಅವುಗಳಿಗೆ ಕೂಲಿಯಿಲ್ಲ, ಒಟ್ಟಿದ ಮರದಲ್ಲಿ ಹಣ ಮಾತ್ರ ಸಿಕ್ಕಿಕೊಂಡಿರುತ್ತದೆ.

ಚನ್ನಪಟ್ಟಣದ ಬೊಂಬೆಗಳ ಹೆಸರಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಹೊರಗಿನವರು ಆ ಹೆಸರನ್ನು ಅಪಹರಿಸದಂತೆ ಕಾನೂನು ಕಾಯಬಲ್ಲುದು. ಒಳಗಿನಿಂದ ಅದು ಕೆಡದಂತೆ ಕಾಯತಕ್ಕವನು ಕೊರಡು ಒಣಗುವ ತನಕ ತಾಳ್ಮೆಯಿಂದಿರುವ ಬಡ ಕುಶಲಿ. ಅವನು ಕಾಯಬೇಕಾದರೆ ಬೊಂಬೆಯ ಬೆಲೆಯಲ್ಲಿ ಆ ತಿಂಗಳುಗಳಿಗೂ ಒಂದು ಪಾಲು ಸಲ್ಲಬೇಕು.