ಪ್ರಾಂಶುಪಾಲರ ಕೊಠಡಿಯಿಂದ ಪೋಲೀಸು ಠಾಣೆಗೆ

ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜೂ, 1980ರಲ್ಲಿ ಕೊಣಾಜೆಯ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ನೆರೆಯ ಕೇರಳವೇ ಮೊದಲಾದ ಪ್ರಾಂತಗಳಿಂದ ವಿದ್ಯಾರ್ಥಿಗಳು ಬಂದು ನೆಲಸಿದಂತೆ ಅವರ ರಕ್ಷಣೆಯ ಹೊಣೆಯೂ ಹೆಚ್ಚಿತು. ಹಿರಿಯ ವಿದ್ಯಾರ್ಥಿಗಳಿಂದ ಪೀಡಿತನಾದವನ ದೂರು ಪ್ರಾಂಶುಪಾಲರ ಕೊಠಡಿಯಲ್ಲಿಯೇ ನಿಲ್ಲಬೇಕೆ? ಪೋಲೀಸರಿಗೆ ಹೋಗಬೇಕೆ? ಹೋದ ಸಂಗತಿಯನ್ನು ಉಳಿದವರಿಗೆ ತಿಳಿಸಬೇಕೆ? ಈ ಮೂರು ಪ್ರಶ್ನೆಗಳಲ್ಲಿ ಮೊದಲಿನೆರಡಕ್ಕೆ ಮಾತ್ರ ನಮ್ಮ ಕಾನೂನು ಸ್ಪಷ್ಟವಾದ ಉತ್ತರವನ್ನಿತ್ತಿದೆ.

1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ದಂಡನಾರ್ಹವೆಂದು ಸಾರಿತು. ಆದರೂ 2001ರ ವಿಶ್ವ ಜಾಗೃತಿ ಮಿಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಅಶಿಸ್ತನ್ನು ಸಂಸ್ಥೆಯೊಳಗೇ ತಿದ್ದತಕ್ಕದ್ದು, ಅನಿವಾರ್ಯವಾದ ಹೊರತು ವಿದ್ಯಾರ್ಥಿಗಳ ಮೇಲೆ ಪೋಲೀಸು ಕ್ರಮ ಸಲ್ಲದು ಎಂಬ ನಿಲುವನ್ನು ತಳೆಯಿತು. ಗುರುಗಳಲ್ಲಿ ಇಟ್ಟ ಈ ವಿಶ್ವಾಸ ಬಹುಕಾಲ ನಿಲ್ಲಲಿಲ್ಲ. ರಾಘವನ್ ಸಮಿತಿಯ ಪರಿಶೀಲನೆಯ ತರುವಾಯ, 2007ರಲ್ಲಿ ಅದೇ ನ್ಯಾಯಾಲಯವು, ಸಂಸ್ಥೆಯ ಕ್ರಮದಿಂದ ನೊಂದವನಿಗಾಗಲಿ ಪೋಷಕರಿಗಾಗಲಿ ಸಮಾಧಾನವಾಗದಿದ್ದಲ್ಲಿ ಸಂಸ್ಥೆಯೇ ಠಾಣೆಗೆ ದೂರು ಕೊಡತಕ್ಕದ್ದೆಂದು ವಿಧಿಸಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಮತ್ತೂ ಮುಂದುವರಿದು, ದಂಡನಾರ್ಹ ಕೃತ್ಯವೆಂದು ಕಂಡುಬಂದರೆ 24 ಗಂಟೆಗಳೊಳಗೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವ ಭಾರವನ್ನು ಸಂಸ್ಥೆಯ ಮುಖ್ಯಸ್ಥರ ಮೇಲೆ ಹೊರಿಸಿತು.

ಮೂರನೆಯ ಪ್ರಶ್ನೆಯ ಗತಿಯೇನು? ಅದೇ ನಿಯಮಾವಳಿಯಂತೆ ಕಾಲೇಜುಗಳು ವರ್ಷಾರಂಭದ ಮೂರು ತಿಂಗಳು ವಾರಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ ವಿಶ್ವವಿದ್ಯಾನಿಲಯಕ್ಕೆ ವರದಿ ಸಲ್ಲಿಸಬೇಕು. ಕುಲಪತಿಗಳು ರಾಜ್ಯಮಟ್ಟದ ಘಟಕಕ್ಕೆ ಬರೆಯಬೇಕು. ಇವೆಲ್ಲ ಮೇಲಿನವರಿಗೆ ಸಲ್ಲುವ ಬರಹಗಳೇ ಹೊರತು ತರಗತಿಯಲ್ಲಿ ಕುಳಿತವರನ್ನು ಉದ್ದೇಶಿಸಿದವಲ್ಲ. 2021ರ ಫೆಬ್ರವರಿಯಲ್ಲಿ ಮಂಗಳೂರಿನ ಕಾಲೇಜೊಂದರ 11 ಮಂದಿ ವಿದ್ಯಾರ್ಥಿಗಳು ರ‍್ಯಾಗಿಂಗ್ ಆರೋಪದ ಮೇಲೆ ಬಂಧಿತರಾದಾಗ, ಆ ವಿವರ ಊರಿಗೆ ತಿಳಿದುದು ಪೋಲೀಸು ಆಯುಕ್ತರ ಹೇಳಿಕೆಯಿಂದ.

ಬೇರೊಂದು ಪದ್ಧತಿಯೂ ಉಂಟು. 1986ರಲ್ಲಿ ವಿದ್ಯಾರ್ಥಿನಿಯೊಬ್ಬಳು ವಸತಿನಿಲಯದ ಕೋಣೆಯಲ್ಲಿಯೇ ಕೊಲೆಯಾದ ಮೇಲೆ, ಅಮೆರಿಕವು 1990ರಲ್ಲಿ ಶಾಸನವೊಂದನ್ನು ರಚಿಸಿ, ಆವರಣದ ಅಪರಾಧಗಳ ಸಂಖ್ಯೆಯನ್ನು ಪ್ರತಿವರ್ಷ ಪ್ರಕಟಿಸುವುದನ್ನು ವಿದ್ಯಾಸಂಸ್ಥೆಗಳಿಗೆ ಕಡ್ಡಾಯಗೊಳಿಸಿತು.

ಅಂಕಿಗಳನ್ನು ಹೊರಗೆಡಹಿದರೆ ಸಂಸ್ಥೆಗೆ ಅಪಕೀರ್ತಿಯೆಂಬ ಅಂಜಿಕೆ ಸಹಜವಾದುದು. ನೊಂದವರ ಹೆಸರು ಗುಪ್ತವಾಗಿರಬೇಕೆಂಬುದೂ ನ್ಯಾಯವೇ. ಆದರೆ ಹೆಸರು ಬೇರೆ, ಸಂಖ್ಯೆ ಬೇರೆ. ಬಂದ ದೂರುಗಳೆಷ್ಟು, ಠಾಣೆಗೆ ಹೋದವೆಷ್ಟು, ಒಳಗೇ ಇತ್ಯರ್ಥವಾದವೆಷ್ಟು ಎಂಬುದನ್ನು ವಾರ್ಷಿಕ ವರದಿಯಲ್ಲಿ ಮುದ್ರಿಸಿದರೆ ಯಾರ ಗೌಪ್ಯವೂ ಕೆಡದು. ತನ್ನ ದೂರು ಎಲ್ಲಿಗೆ ಹೋದೀತೆಂದು ಅರಿಯದ ಹೊಸ ವಿದ್ಯಾರ್ಥಿಯು ದೂರನ್ನೇ ಕೊಡದೆ ಸುಮ್ಮನಾಗುವನೆಂಬುದನ್ನು ಅಧ್ಯಾಪಕರಾದ ನಾವು ಮರೆಯಲಾಗದು.