ಒಂದು ಬುಟ್ಟಿ ಮಣ್ಣಿನ ತಾಳ್ಮೆ

ಜಕ್ಕೂರು ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವವರಿಗೆ ಅದು ಬರೀ ಹಾದಿ. ಆದರೆ ಯಂತ್ರಗಳಿಲ್ಲದ ಕಾಲದಲ್ಲಿ ಇಂಥ ಏರಿಗಳು ಎದ್ದು ನಿಂತದ್ದು ಜನ ತಲೆಯ ಮೇಲೆ ಹೊತ್ತು ತಂದು ಸುರಿದ ಬುಟ್ಟಿ ಬುಟ್ಟಿ ಮಣ್ಣಿನಿಂದ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಚೀನದ ಗುರುವೊಬ್ಬ ಮನುಷ್ಯನ ನಡತೆ ರೂಪುಗೊಳ್ಳುವ ಬಗೆಯನ್ನು ವಿವರಿಸಲು ಇದೇ ಬುಟ್ಟಿ ಮಣ್ಣಿನ ಹೋಲಿಕೆಯನ್ನು ಬಳಸಿದ್ದ. ಆತ ಕನ್ಫ್ಯೂಷಿಯಸ್.

ಕ್ರಿ.ಪೂ. 551ರಲ್ಲಿ ಲು ಎಂಬ ಸಣ್ಣ ರಾಜ್ಯದಲ್ಲಿ ಹುಟ್ಟಿದ ಕನ್ಫ್ಯೂಷಿಯಸ್‌ನ ಬದುಕು ಯಶಸ್ಸಿನ ಕಥೆಯಲ್ಲ. ತನ್ನ ಮಾತಿನಂತೆ ರಾಜ್ಯವಾಳುವ ಅರಸನನ್ನು ಹುಡುಕುತ್ತ ಆತ ಸುಮಾರು 14 ವರ್ಷ ಊರೂರು ಅಲೆದ. ಒಮ್ಮೆ ಶಿಷ್ಯರೊಡನೆ ಉಪವಾಸ ಬೀಳುವ ಸ್ಥಿತಿಯೂ ಬಂತು. ಅರಸರು ಗೌರವ ತೋರಿದರು, ಅಧಿಕಾರ ಕೊಡಲಿಲ್ಲ. ಕೊನೆಗೆ ಊರಿಗೆ ಮರಳಿ, ಕ್ರಿ.ಪೂ. 479ರಲ್ಲಿ ಸಾಯುವತನಕ ಪಾಠ ಹೇಳಿದ. ಆತನ ಮಾತುಗಳನ್ನು 'ಲುನ್ ಯು' ಎಂಬ ಗ್ರಂಥವಾಗಿ ಕೂಡಿಸಿಟ್ಟವರು ಶಿಷ್ಯಪರಂಪರೆಯವರು.

ದಿಬ್ಬ ಕಟ್ಟುವವನು ಕೊನೆಯ ಒಂದು ಬುಟ್ಟಿ ಬಾಕಿಯಿರುವಾಗ ಕೈಬಿಟ್ಟರೆ, ನಿಲ್ಲಿಸಿದವನು ಅವನೇ. ಬಯಲಲ್ಲಿ ಮೊದಲ ಬುಟ್ಟಿ ಸುರಿದರೂ, ಮುಂದೆ ಸಾಗಿದವನು ಅವನೇ. ಹೋಲಿಕೆಯ ತಾತ್ಪರ್ಯವಿಷ್ಟು. ಇಲ್ಲಿ ತಾಳ್ಮೆಯೆಂದರೆ ಬಂದದ್ದನ್ನು ಸಹಿಸಿಕೊಂಡು ಕೂರುವುದಲ್ಲ, ಇಂದಿನ ಪಾಲಿನ ಕೆಲಸವನ್ನು ಇಂದು ಮಾಡುವುದು. ದೊಡ್ಡ ಕೆಲಸಕ್ಕೆ ಕೈಹಾಕಿದವನು ಸಣ್ಣ ಕಿರಿಕಿರಿ ತಾಳಲಾರದೆ ಕೆಲಸವನ್ನೇ ಕೆಡಿಸಿಕೊಳ್ಳುತ್ತಾನೆಂದೂ ಆತ ಎಚ್ಚರಿಸಿದ್ದುಂಟು. ತಪ್ಪಾದಾಗ ಮೊದಲು ತನ್ನೊಳಗೆ ನೋಡಿಕೊಳ್ಳಬೇಕು, ತನಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮಾಡಬಾರದು ಎಂಬುವು ಆತನ ಬೋಧನೆಯ ತಿರುಳು.

ಕನ್ಫ್ಯೂಷಿಯಸ್‌ನನ್ನು ಓದಿರದ ನಮ್ಮ ನೆಲದಲ್ಲೂ ಈ ಪಾಠಕ್ಕೆ ಒಂದು ಉದಾಹರಣೆಯಿದೆ. ಯಲಹಂಕ ನಾಡಪ್ರಭುವಾಗಿದ್ದ ಹಿರಿಯ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ್ದು ನಮಗೆಲ್ಲ ಗೊತ್ತು. ಆದರೆ ವಿಜಯನಗರದ ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದ ಆರೋಪದ ಮೇಲೆ ಆತ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದ ಸಂಗತಿಯನ್ನು ನೆನೆಯುವವರು ಕಡಿಮೆ. ಸಾಮಂತನೊಬ್ಬ ತನ್ನ ಸ್ಥಾನದ ಮೇರೆ ದಾಟಿದ ತಪ್ಪು ಅದೆಂದು ಕನ್ಫ್ಯೂಷಿಯಸ್ ಹೇಳುತ್ತಿದ್ದನೇನೋ. ಹೆಸರಿಗೆ ತಕ್ಕಂತೆ ನಡೆಯಬೇಕೆಂಬುದು ಆತನ ಪಟ್ಟು. ಬಿಡುಗಡೆಯ ನಂತರ ಕೆಂಪೇಗೌಡ ಸೇಡಿಗೆ ಹೊರಡಲಿಲ್ಲ. ಮರಳಿ ಬಂದು ನಾಡಿನ ಕೆಲಸ ಹಿಡಿದ. ಗವಿ ಗಂಗಾಧರೇಶ್ವರ ದೇಗುಲದ ಕೆಲಸವನ್ನು ಸೆರೆಯಿಂದ ಬಿಡುಗಡೆಯಾದ ನೆನಪಿಗೆ ಮಾಡಿಸಿದನೆಂಬ ಪ್ರತೀತಿಯಿದೆ.

ಧರ್ಮಾಂಬುಧಿ, ಕೆಂಪಾಂಬುಧಿಯಂಥ ಕೆರೆಗಳು ಆತನ ಹೆಸರಿನೊಂದಿಗೆ ಬೆಸೆದುಕೊಂಡಿವೆ. ದೊಡ್ಡ ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಕೆರೆಯೇ ಬದುಕು. ಆದರೆ ಕೆರೆ ಕಟ್ಟಿಸಿದವನ ಹೆಸರು ಉಳಿದಂತೆ ಕಾಯ್ದವರ ಹೆಸರು ಉಳಿಯುವುದಿಲ್ಲ. ಬೇಸಿಗೆಯಲ್ಲಿ ಹೂಳೆತ್ತಬೇಕು, ಏರಿಯ ಬಿರುಕು ಮುಚ್ಚಬೇಕು, ಕೋಡಿಯ ದಾರಿ ತೆರವಾಗಿರಬೇಕು. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ಕೆಲಸ ಊರಿನ ನೀರುಗಂಟಿಯದು. ಬಂಧುವಿನ ಗದ್ದೆಗೆ ಒಂದು ಗಳಿಗೆ ಹೆಚ್ಚು ನೀರು ಹರಿಸಿದರೆ ಕೊನೆಯ ಗದ್ದೆಯವನ ಪೈರು ಒಣಗೀತು. ನಡತೆಯೆಂಬುದು ಪುಸ್ತಕದ ಮಾತಲ್ಲ, ತೂಬಿನ ಬಳಿ ದಿನವೂ ನಡೆಯುವ ಪರೀಕ್ಷೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂದು ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣವಿದೆ. 2022ರಲ್ಲಿ ವಿಮಾನ ನಿಲ್ದಾಣದ ಬಳಿ ಕೆಂಪೇಗೌಡನ 108 ಅಡಿ ಎತ್ತರದ ಪ್ರತಿಮೆ ಎದ್ದಿತು. ಪ್ರತಿಮೆಯ ಅನಾವರಣಕ್ಕೆ ಒಂದು ದಿನ ಸಾಕು. ಕೆರೆ ಕಾಯಲು ವರ್ಷದ ಎಲ್ಲ ದಿನಗಳೂ ಬೇಕು. ಯಲಹಂಕದಿಂದ ಜಕ್ಕೂರು, ರಾಚೇನಹಳ್ಳಿಗಳತ್ತ ಸಾಗುವ ಕೆರೆಗಳ ಸರಪಳಿಯಲ್ಲಿ ಮೇಲಿನವರು ಕಸ ಸುರಿದರೆ ಕೆಳಗಿನವರು ಅನುಭವಿಸಬೇಕು. ತನಗೆ ಬೇಡವಾದದ್ದನ್ನು ಪರರಿಗೆ ಮಾಡಬೇಡವೆಂಬ ಬೋಧನೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ? ಜಕ್ಕೂರು ಕೆರೆ ಮತ್ತೆ ನಳನಳಿಸಿದ್ದು ಒಂದು ದಿನದ ಉತ್ಸಾಹದಿಂದಲ್ಲ. ಶುದ್ಧೀಕರಿಸಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಕೆರೆ ಸೇರುವ ಏರ್ಪಾಟು ಹಾಗೂ ವರ್ಷಗಳ ನಿಗಾ ಅದರ ಹಿಂದಿವೆ.

ಕನ್ಫ್ಯೂಷಿಯಸ್‌ನ ಶಿಷ್ಯನೊಬ್ಬ ದಿನವೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದನಂತೆ: ಇನ್ನೊಬ್ಬರ ಕೆಲಸದಲ್ಲಿ ಪ್ರಾಮಾಣಿಕನಾಗಿದ್ದೆನೆ, ಗೆಳೆಯರಿಗೆ ಕೊಟ್ಟ ಮಾತು ಉಳಿಸಿಕೊಂಡೆನೆ, ಕಲಿತದ್ದನ್ನು ಆಚರಿಸಿದೆನೆ? ಹೆಬ್ಬಾಳದ ವಾಹನಗಳ ಸಾಲಿನಲ್ಲಿ ಸಿಡಿಮಿಡಿಗೊಂಡು ಮನೆ ಸೇರುವ ನಮಗೂ ಮಲಗುವ ಮುನ್ನ ಈ ಪ್ರಶ್ನೆಗಳಿಗೆ ಬಿಡುವು ಸಿಗಬಹುದು. ಉತ್ತರ ಸಮಾಧಾನ ತರದಿದ್ದರೆ ನಿರಾಶರಾಗಬೇಕಿಲ್ಲ. ನಾಳೆಯ ಪಾಲಿನ ಬುಟ್ಟಿ ಇನ್ನೂ ನಮ್ಮ ಕೈಯಲ್ಲೇ ಇದೆ.